ನೀವೆಸ್ ಅಂದ್ರೆ ಚಾಕು ಅಲ್ಲ, ಹಿಮ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮಕ್ಕಳಿಗೆ ಇಡಬಹುದಾದ ಅಪರೂಪದ ವಿದೇಶಿ ಹೆಸರುಗಳು ಅಂತ ಒಂದು ಬಾಕ್ಸ್ ಹಾಕಿದ್ದೀರಿ. ಅದರಲ್ಲಿ ಏಳನೆಯ ಹೆಸರು 'ನೈವ್ಸ್'. ಅರ್ಥ: ಹೊಸ ಜೀವ. ಮೂಲ: ಸ್ಪ್ಯಾನಿಷ್. ಮೂರಕ್ಕೆ ಮೂರೂ ತಪ್ಪು. ಆ ಹೆಸರು ನೀವೆಸ್. ಅದರ ಅರ್ಥ ಹಿಮ. ಅದು ಇಟಲಿಯ ಹೆಸರು, ಲ್ಯಾಟಿನ್ ಭಾಷೆಯಿಂದ ಬಂದದ್ದು. ಸ್ಪೇನ್‌ನಲ್ಲಿ ಇದರ ಅಕ್ಕತಂಗಿ ಅನ್ನಬಹುದಾದ ನಿಯೆವೆಸ್ ಎಂಬ ಹೆಸರಿದೆ, ಬರೆದವರು ಅದನ್ನೂ ಇದನ್ನೂ ಕಲಸಿರಬೇಕು. 'ಹೊಸ ಜೀವ' ಎಲ್ಲಿಂದ ಬಂತೋ ನನಗಂತೂ ತಿಳಿಯಲಿಲ್ಲ.

ಮೂರು ಪದದ ತಪ್ಪಿಗೆ ಇಷ್ಟು ಉದ್ದದ ಪತ್ರ ಬೇಕಿತ್ತಾ ಅಂತ ನಿಮಗೆ ಅನ್ನಿಸಬಹುದು. ನನ್ನ ಮೊಮ್ಮಗಳ ಹೆಸರು ನೀವೆಸ್. ಈಗ ಒಂದನೇ ತರಗತಿ. ನಿಮ್ಮ ಪುರವಣಿ ನೋಡಿದ ಅಪಾರ್ಟ್‌ಮೆಂಟಿನ ದೊಡ್ಡ ಮಕ್ಕಳು ಸಂಜೆ ಆಟದ ಜಾಗದಲ್ಲಿ ಅವಳನ್ನು 'ನೈವ್ಸ್, ನೈವ್ಸ್' ಅಂತ ಕೂಗಿ, ಇಂಗ್ಲಿಷ್‌ನಲ್ಲಿ ಹಾಗಂದರೆ ಚಾಕುಗಳು ಅಂತ ಹೇಳಿ ನಕ್ಕಿದ್ದಾರೆ. ಮಗು ಮನೆಗೆ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಅಜ್ಜಿ, ನನಗೆ ಬೇರೆ ಹೆಸರು ಇಡು" ಅಂದಿತು. ಅವತ್ತು ರಾತ್ರಿಯೇ ಈ ಪತ್ರ ಬರೆಯಲು ಕೂತೆ.

ಹೆಸರು ನಮ್ಮ ಮನೆಗೆ ಬಂದದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. ನನ್ನ ಮಗಳು ಭೌತಶಾಸ್ತ್ರ ಓದಿದವಳು. ಮದುವೆಗೆ ಮುಂಚೆ ಎರಡು ವರ್ಷ ಇಟಲಿಯ ತ್ರಿಯೆಸ್ತೆಯಲ್ಲಿ ಇದ್ದಳು. ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಶುರು ಮಾಡಿದ ಅಂತಾರಾಷ್ಟ್ರೀಯ ಭೌತಶಾಸ್ತ್ರ ಕೇಂದ್ರ ಇರುವ ಊರು ಅದು. ಇಟಲಿಯ ಈಶಾನ್ಯ ಮೂಲೆ, ಪಕ್ಕದಲ್ಲೇ ಸ್ಲೊವೇನಿಯಾ. ಬೋರಾ ಅನ್ನುವ ಗಾಳಿ ಬೀಸಿತು ಅಂದರೆ ಬೀದಿಯಲ್ಲಿ ಜನ ಸಿಕ್ಕಿದ್ದನ್ನು ಹಿಡಿದುಕೊಂಡು ನಿಲ್ಲಬೇಕಂತೆ. ಅಂಥ ಒಂದು ಚಳಿಗಾಲದಲ್ಲಿ ಮಗಳು ಜ್ವರ ಬಂದು ಹತ್ತು ದಿನ ಮಲಗಿಬಿಟ್ಟಳು. ಆ ಮನೆಯ ಒಡತಿ ಎಂಬತ್ತು ದಾಟಿದ ಮುದುಕಿ, ದಿನಾ ಎರಡು ಮಹಡಿ ಹತ್ತಿ ಬಂದು, ಬಿಸಿ ಸಾರಿನ ಪಾತ್ರೆ ಇಟ್ಟು, ಹಣೆ ಮುಟ್ಟಿ ನೋಡಿ, ಇವಳಿಗೆ ಆ ಭಾಷೆ ಅಷ್ಟಕ್ಕಷ್ಟೇ ಬರುತ್ತಿದ್ದರೂ ಏನೇನೋ ಮಾತಾಡಿ ಹೋಗುತ್ತಿದ್ದರು. ನಾನು ಇಲ್ಲಿ ಮಲ್ಲೇಶ್ವರದಲ್ಲಿ ಫೋನು ಹಿಡಿದುಕೊಂಡು ಕೂತಿದ್ದೆ. ಆ ಹತ್ತು ದಿನ ನನ್ನ ಮಗಳಿಗೆ ತಾಯಿ ಆಗಿದ್ದವರು ಅವರು. ಅವರ ಹೆಸರು ನೀವೆಸ್.

ಮಗಳಿಗೆ ಹೆಣ್ಣು ಮಗು ಹುಟ್ಟಿದಾಗ ಬೇರೆ ಹೆಸರಿನ ಯೋಚನೆಯೇ ಬರಲಿಲ್ಲ. ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಹೆಸರು ಬರೆದವಳು ನಾನು. ಕನ್ನಡದಲ್ಲಿ, ಮೂರೇ ಅಕ್ಷರ. ನೀ, ವೆ, ಸ್. ಒಂದು ಕೊಂಬು ದೀರ್ಘ ಹೆಚ್ಚುಕಮ್ಮಿ ಇಲ್ಲದೆ ಇಟಲಿಯವರು ಹೇಗೆ ಅನ್ನುತ್ತಾರೋ ಹಾಗೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಾದ್ದರಿಂದ ಆಮೇಲೆ ಆ ಪದದ ಹಿಂದೆ ಬಿದ್ದೆ. ಹೋದಷ್ಟೂ ದಾರಿ ಇತ್ತು.

ಲ್ಯಾಟಿನ್‌ನಲ್ಲಿ ಹಿಮಕ್ಕೆ 'ನಿಕ್ಸ್' ಅಂತಾರೆ. ವಿಭಕ್ತಿ ಹತ್ತಿದಾಗ ಅದು 'ನಿವ್' ಅಂತ ಆಗುತ್ತದೆ. ಬಹುವಚನ 'ನಿವೆಸ್', ಅಂದರೆ ಹಿಮಗಳು. ಇಂದಿನ ಇಟಾಲಿಯನ್‌ನಲ್ಲಿ ಹಿಮಕ್ಕೆ 'ನೇವೆ'. ಇಟಾಲಿಯನ್ ಪದಗಳು ನಮ್ಮ ಹಾಗೆಯೇ ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಮರಿಯಾ, ಪಾವ್ಲೊ, ಕಿಯಾರಾ ಹೀಗೆ. ಹಾಗಿರುವಾಗ ಈ ಹೆಸರಿನ ಕೊನೆಗೆ ಸಕಾರ ಯಾಕೆ ಉಳಿಯಿತು? ಇದು ಮನೆಮಾತಿನಿಂದ ಬಂದದ್ದಲ್ಲ, ಪೂಜೆಯ ಭಾಷೆಯಿಂದ ಬಂದದ್ದು. 'ಸಾಂತಾ ಮರಿಯಾ ಆದ್ ನಿವೆಸ್', ಹಿಮದ ಮಾತೆ ಮರಿಯಾ. ಚರ್ಚಿನ ಲ್ಯಾಟಿನ್‌ನಲ್ಲಿ ಹೇಗಿತ್ತೋ ಹಾಗೇ ಕಿತ್ತು ತಂದು ಮಗಳಿಗೆ ಇಟ್ಟರು. ನಾವು 'ನಮಃ' ಅನ್ನುವುದನ್ನು ಮುರಿಯದೆ ಉಳಿಸಿಕೊಂಡಿದ್ದೇವಲ್ಲ, ಹಾಗೆ.

ಹಿಮದ ಮಾತೆ ಅಂತ ಯಾಕೆ ಕರೆದರು ಅನ್ನುವುದಕ್ಕೆ ಒಂದು ಕಥೆ ಇದೆ. ನಾಲ್ಕನೇ ಶತಮಾನದ ರೋಮ್, ಲಿಬೇರಿಯಸ್ ಪೋಪ್ ಆಗಿದ್ದ ಕಾಲ. ಊರಿನ ಶ್ರೀಮಂತ ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಆಸ್ತಿಯನ್ನು ಮರಿಯಮ್ಮನಿಗೆ ಬಿಟ್ಟುಕೊಡಬೇಕು ಅಂತ ಹರಕೆ ಹೊತ್ತು, ಏನು ಮಾಡಲಿ ಅಂತ ಬೇಡಿಕೊಂಡರು. ಆಕೆ ಕನಸಿನಲ್ಲಿ ಬಂದು, ಎಲ್ಲಿ ಹಿಮ ಬೀಳುತ್ತದೋ ಅಲ್ಲಿ ಗುಡಿ ಕಟ್ಟಿಸಿ ಅಂದಳು. ಅದು ಆಗಸ್ಟ್ ತಿಂಗಳು. ರೋಮ್‌ನಲ್ಲಿ ಸುಡು ಬೇಸಿಗೆ, ನಮ್ಮ ಏಪ್ರಿಲ್ ಇದ್ದ ಹಾಗೆ. ಆಗಸ್ಟ್ 5ರ ಬೆಳಿಗ್ಗೆ ಎದ್ದು ನೋಡಿದರೆ ಎಸ್ಕ್ವಿಲಿನ್ ಗುಡ್ಡದ ಮೇಲೆ ಹಿಮ ಬಿದ್ದಿತ್ತು. ಪೋಪ್‌ಗೂ ಅದೇ ಕನಸು ಬಿದ್ದಿತ್ತಂತೆ. ಅವರು ಬಂದು ಆ ಹಿಮದ ಮೇಲೆಯೇ ಗುಡಿಯ ಗೆರೆ ಎಳೆದರು. ಇದು ಐತಿಹ್ಯ. ನೂರಾರು ವರ್ಷಗಳ ನಂತರ ಬರಹಕ್ಕೆ ಇಳಿದದ್ದು. ಈಗ ಅಲ್ಲಿರುವ ದೊಡ್ಡ ಚರ್ಚು ಐದನೇ ಶತಮಾನದ್ದು, ಮೂರನೇ ಸಿಕ್ಸ್ಟಸ್ ಪೋಪ್ ಆಗಿದ್ದಾಗ ಎದ್ದದ್ದು. ಸಾಂತಾ ಮರಿಯಾ ಮಜ್ಜೋರೆ ಅಂತ ಹೆಸರು. 2025ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಮಣ್ಣು ಮಾಡಿದ್ದನ್ನು ಟೀವಿಯಲ್ಲಿ ನೋಡಿದ್ದೀರಲ್ಲ, ಅದೇ ಚರ್ಚು.

ಅಲ್ಲಿ ಇವತ್ತಿಗೂ ಪ್ರತಿ ವರ್ಷ ಆಗಸ್ಟ್ 5ರಂದು ಪೂಜೆ ನಡೆಯುವಾಗ ಚಾವಣಿಯಿಂದ ಬಿಳಿ ಹೂವಿನ ಎಸಳು ಸುರಿಸುತ್ತಾರೆ. ಹಿಮ ಬಿದ್ದ ಹಾಗೆ, ನಿಧಾನವಾಗಿ ಸುತ್ತುತ್ತಾ ಬೀಳುತ್ತವೆ, ಕೆಳಗೆ ನಿಂತವರು ಮುಖ ಮೇಲೆತ್ತಿ ಕೈ ಚಾಚುತ್ತಾರೆ. ಮಗಳು ವಿಡಿಯೋ ತೋರಿಸಿದಳು. ನಾನು ಆ ಧರ್ಮದವಳಲ್ಲ, ಆದರೂ ಕಣ್ಣು ತುಂಬಿ ಬಂತು. ದೇವರ ಮೇಲೆ ಹೂವು ಸುರಿಯುವುದು ನಮಗೆ ಹೊಸದೇನಲ್ಲ. ಜನರ ಮೇಲೆ ಹೂವು ಸುರಿದು, ಇದು ನಿಮ್ಮ ಮೇಲೆ ಬಿದ್ದ ಹಿಮ ಅನ್ನುವುದು ನನಗೆ ಬಹಳ ಇಷ್ಟವಾಯಿತು.

ಇದು ನಮಗೆ ದೂರದ ವಿಷಯ ಅಂದುಕೊಳ್ಳಬೇಡಿ. ತಾಯಿ ಎಲ್ಲಿ ಕಾಣಿಸಿಕೊಂಡಳೋ ಆ ಜಾಗವನ್ನೇ ಆಕೆಯ ಹೆಸರು ಮಾಡಿ, ಆ ಹೆಸರನ್ನು ಮಗಳಿಗೆ ಇಡುವ ಪದ್ಧತಿ ನಮ್ಮಲ್ಲಿ ಇಲ್ವಾ? ಬನದಲ್ಲಿ ನೆಲೆಸಿದವಳು ಬನಶಂಕರಿ. ಬೆಂಗಳೂರಿನಲ್ಲಿ ಒಂದು ಇಡೀ ಬಡಾವಣೆ ಆ ಹೆಸರಿನಲ್ಲಿದೆ, ಆ ಹೆಸರಿನ ಹೆಂಗಸರೂ ಇದ್ದಾರೆ. ತೂತುಕುಡಿಗೆ ಹೋದರೆ ಸಮುದ್ರದ ದಂಡೆಯಲ್ಲಿ ಹಿಮದ ಮಾತೆಯದೇ ಬೆಸಿಲಿಕಾ ಇದೆ. ತಮಿಳಿನಲ್ಲಿ ಪನಿಮಯ ಮಾತೆ ಅಂತಾರೆ. ಅಲ್ಲೂ ಆಗಸ್ಟ್ 5ಕ್ಕೇ ಹಬ್ಬ. ಬೇಸಿಗೆಯಲ್ಲಿ ಉಪ್ಪು ಬೆಳೆಯುವ ಊರು ಅದು, ಹಿಮ ಅಲ್ಲಿ ಯಾವ ಕಾಲಕ್ಕೂ ಬಿದ್ದದ್ದಲ್ಲ. ಆದರೂ ಜನ ಆ ತಾಯಿಯನ್ನು ತಮ್ಮವಳು ಮಾಡಿಕೊಂಡರು. ತಮಿಳಿನ ಆ 'ಪನಿ' ನಮ್ಮ ಹಳಗನ್ನಡದಲ್ಲೂ ಇತ್ತು. ಪಾಲು ಹಾಲಾದ ಹಾಗೆ ಪನಿ ಹೊಸಗನ್ನಡದಲ್ಲಿ ಹನಿ ಆಯಿತು. ಇಬ್ಬನಿ ಅನ್ನುವ ಪದದ ಕೊನೆಯಲ್ಲಿ ಕೂತಿರುವುದೂ ಅದೇ ಪನಿ.

ಹಿಮ ಅನ್ನುವ ಪದ ಸಂಸ್ಕೃತದ್ದು. ಲ್ಯಾಟಿನ್‌ನಲ್ಲಿ ಚಳಿಗಾಲಕ್ಕೆ 'ಹಿಯೆಮ್ಸ್' ಅಂತಾರೆ. ಎರಡೂ ಒಂದೇ ಬೇರಿನವು. ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಲ್ಯಾಟಿನ್‌ನ ನಿವ್ ಪದದ ಮುಂದೆ ಬಹಳ ಹಿಂದೆ ಒಂದು ಸಕಾರ ಇತ್ತು, ಅಲ್ಲಿ ಬಿದ್ದುಹೋಯಿತು. ಇಂಗ್ಲಿಷ್‌ನ 'ಸ್ನೋ' ಪದದಲ್ಲಿ ಉಳಿಯಿತು. ಅದೇ ಬೇರಿಗೆ ಸಂಸ್ಕೃತದ 'ಸ್ನಿಹ್' ಧಾತುವೂ ಸೇರಿದ್ದು ಅಂತ ಹಲವು ಭಾಷಾತಜ್ಞರು ಹೇಳುತ್ತಾರೆ. ಸ್ನಿಹ್ ಅಂದರೆ ತೇವವಾಗು, ಅಂಟಿಕೊಳ್ಳು. ಅದರಿಂದಲೇ ಸ್ನೇಹ. ಆಯುರ್ವೇದದಲ್ಲಿ ಎಣ್ಣೆ ತುಪ್ಪಕ್ಕೆ ಈಗಲೂ ಸ್ನೇಹ ಅಂತಲೇ ಅನ್ನುತ್ತಾರಲ್ಲ. ಅಂಟಿಕೊಳ್ಳುವುದು, ಜಿಡ್ಡು, ಆಮೇಲೆ ಅಕ್ಕರೆ. ಮೊಮ್ಮಗಳ ತರಗತಿಯಲ್ಲಿ ಒಬ್ಬಳು ಸ್ನೇಹಾ ಇದ್ದಾಳೆ, ಇವಳ ಪಕ್ಕದಲ್ಲೇ ಕೂರುತ್ತಾಳೆ. ಒಬ್ಬಳ ಹೆಸರು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಇನ್ನೊಬ್ಬಳ ಹೆಸರು ಕೇಳಿದರೆ ನಗುತ್ತಾರೆ.

ಹೆಸರಿನ ಅರ್ಥದಲ್ಲಿ ನಾವು ಎಡವುವುದು ವಿದೇಶಿ ಹೆಸರಿನಲ್ಲಿ ಮಾತ್ರ ಅಲ್ಲ. ಮಂಜುಳಾ ಅನ್ನುವವರನ್ನು ಮಂಜು ಅಂತ ಕರೆದು ಕರೆದು, ಅದರ ಅರ್ಥ ಇಬ್ಬನಿ ಮಂಜು ಅಂತಲೇ ಎಷ್ಟೋ ಜನ ನಂಬಿದ್ದಾರೆ. ಅದು ಸಂಸ್ಕೃತದ ಮಂಜುಲ, ಸೊಗಸಾದದ್ದು, ಇಂಪಾದದ್ದು ಅಂತ. ಮಂಜು ಬೀಳುವ ಮಂಜು ನಮ್ಮದೇ ದ್ರಾವಿಡ ಪದ. ಹೇಮಾ ಅಂದರೆ ಚಿನ್ನ, ಹಿಮಾ ಅಂದರೆ ಹಿಮ, ಹೈಮವತಿ ಅಂದರೆ ಹಿಮವಂತನ ಮಗಳು ಪಾರ್ವತಿ. ನನ್ನ ವಿದ್ಯಾರ್ಥಿನಿಯರಲ್ಲಿ ಈ ಮೂರೂ ಹೆಸರಿನವರು ಇದ್ದರು. ಹೆಸರು ಇಟ್ಟವರಿಗೇ ವ್ಯತ್ಯಾಸ ಗೊತ್ತಿರಲಿಲ್ಲ. ಅದು ತಪ್ಪೇನಲ್ಲ, ಅಪ್ಪ ಅಮ್ಮ ಪ್ರೀತಿಯಿಂದ ಇಡುತ್ತಾರೆ. ಪತ್ರಿಕೆಗೆ ಆ ರಿಯಾಯಿತಿ ಇಲ್ಲ. ಅಚ್ಚಾದದ್ದನ್ನು ಜನ ನಂಬುತ್ತಾರೆ.

ಇನ್ನು ಈ ಹೆಸರು ಎಷ್ಟು ಅಪರೂಪ ಅನ್ನುವುದು. ಇಟಲಿಯಲ್ಲೂ ಇದು ಎಲ್ಲ ಕಡೆ ಸಿಗುವ ಹೆಸರಲ್ಲ. ಜಾಸ್ತಿ ಕಾಣುವುದು ಉತ್ತರದಲ್ಲಿ, ಅದರಲ್ಲೂ ತ್ರಿಯೆಸ್ತೆ ಇರುವ ಈಶಾನ್ಯ ಭಾಗದಲ್ಲಿ. ಗಡಿ ದಾಟಿದರೆ ಸ್ಲೊವೇನಿಯಾದಲ್ಲಿ, ಕ್ರೊಯೇಷಿಯಾದಲ್ಲಿ ಕೂಡ ಇದೆ. ಆಲ್ಪ್ಸ್ ಬೆಟ್ಟಗಳ ಊರುಗಳಲ್ಲಿ ಹಿಮದ ಮಾತೆಯ ಸಣ್ಣ ಸಣ್ಣ ಗುಡಿಗಳು ತುಂಬಾ ಇವೆ. ಹಿಮದ ಜೊತೆ ಬದುಕುವವರಿಗೆ ಆ ತಾಯಿ ಬೇಕಾಗುತ್ತಾಳೆ, ನಮಗೆ ಮಳೆ ತರುವ ದೇವರು ಬೇಕಾದ ಹಾಗೆ. ಈಗ ಅಲ್ಲಿಯ ಅಪ್ಪ ಅಮ್ಮಂದಿರು ಹೆಣ್ಣು ಮಕ್ಕಳಿಗೆ ಸೋಫಿಯಾ, ಔರೋರಾ, ಜೂಲಿಯಾ, ಜಿನೆವ್ರಾ ಅಂತ ಇಡುತ್ತಾರೆ. ಗಂಡು ಮಕ್ಕಳಲ್ಲಿ 2018ರಿಂದ ಲಿಯೊನಾರ್ದೊ ಮುಂದೆ ಇದೆ. ಅಲ್ಲಿಯ ಸರ್ಕಾರಿ ಅಂಕಿಅಂಶ ಸಂಸ್ಥೆ ವರ್ಷ ವರ್ಷ ಪಟ್ಟಿ ಕೊಡುತ್ತದೆ. ಮೊದಲ ಸಾಲುಗಳಲ್ಲಿ ನೀವೆಸ್ ಎಲ್ಲೂ ಕಾಣುವುದಿಲ್ಲ. ಅದು ಅಜ್ಜಿಯರ ಹೆಸರಾಗಿಬಿಟ್ಟಿದೆ. ನಮ್ಮಲ್ಲಿ ಪುಟ್ಟಮ್ಮ, ನಂಜಮ್ಮ, ಸಾವಿತ್ರಮ್ಮ ಆದ ಹಾಗೆ. ಮಲ್ಲೇಶ್ವರದ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಬರುವ ನಾವು ಹೆಂಗಸರು ನಾಗರತ್ನ, ಶಾರದಮ್ಮ, ಜಯಲಕ್ಷ್ಮಿ. ಸಂಜೆ ಅಲ್ಲೇ ಆಡುವ ಮಕ್ಕಳು ಆದ್ಯಾ, ಆರಾಧ್ಯಾ, ಅದ್ವಿಕಾ, ಕಿಯಾರಾ. ನಮ್ಮ ಹೆಸರುಗಳು ನಮ್ಮ ಜೊತೆಗೇ ಹೋಗುತ್ತವೇನೋ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಎಲ್ಲೋ ಒಂದು ಊರಿನಲ್ಲಿ ಮುದುಕಿಯ ಜೊತೆ ಹೋಗಿಬಿಡಬಹುದಾಗಿದ್ದ ಹೆಸರೊಂದು ಬೆಂಗಳೂರಿನ ಒಂದು ಮಗುವಿನಲ್ಲಿ ಉಳಿಯಿತು ಅಂದರೆ ನನಗೆ ಅದು ಸಂತೋಷದ ವಿಷಯ.

ಅಂದ ಹಾಗೆ, ಕಿಯಾರಾ ಕೂಡ ಇಟಲಿಯದೇ. ಅರ್ಥ ತಿಳಿಯಾದವಳು, ಬೆಳಕಿನಂಥವಳು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಜನ ಕಿಯಾರಾ ಇದ್ದಾರೆ, ಅವರನ್ನು ಯಾರೂ ಏನೂ ಅನ್ನುವುದಿಲ್ಲ.

ನೀವೆಸ್ ಹೆಸರಿನ ಒಬ್ಬರ ಬಗ್ಗೆ ನಿಮ್ಮ ಓದುಗರಿಗೆ ಹೇಳಲೇಬೇಕು. ನೀವೆಸ್ ಮೆರೋಯಿ. 1961ರಲ್ಲಿ ಹುಟ್ಟಿದ ಇಟಲಿಯ ಪರ್ವತಾರೋಹಿ. ಜಗತ್ತಿನಲ್ಲಿ 8,000 ಮೀಟರ್‌ಗಿಂತ ಎತ್ತರದ ಶಿಖರಗಳು 14. ಎಲ್ಲವೂ ಹಿಮಾಲಯ ಮತ್ತು ಕಾರಕೋರಂ ಸಾಲಿನಲ್ಲಿ, ಅಂದರೆ ನಮ್ಮ ಕಡೆಯೇ. ಆ ಹದಿನಾಲ್ಕನ್ನೂ ಆಕೆ ಗಂಡ ರೊಮಾನೊ ಬೆನೆತ್ ಜೊತೆ ಹತ್ತಿದರು. ಆಮ್ಲಜನಕದ ಸಿಲಿಂಡರ್ ಇಲ್ಲ, ಮೇಲಕ್ಕೆ ಹೊರೆ ಹೊರುವ ಆಳುಗಳೂ ಇಲ್ಲ. 1998ರಲ್ಲಿ ನಂಗಾ ಪರ್ಬತ್‌ನಿಂದ ಶುರು, 2017ರ ಮೇ ತಿಂಗಳಲ್ಲಿ ಅನ್ನಪೂರ್ಣಾದಲ್ಲಿ ಮುಗಿಯಿತು. ಜೊತೆಯಾಗಿ ಹದಿನಾಲ್ಕನ್ನೂ ಹತ್ತಿದ ಮೊದಲ ದಂಪತಿ ಅವರು.

ನಾನು ಹೇಳಬೇಕೆಂದಿರುವುದು 2009ರ ಮಾತು. ಆಗ ಆಕೆ 11 ಶಿಖರ ಮುಗಿಸಿದ್ದರು. ಹದಿನಾಲ್ಕನ್ನೂ ಹತ್ತಿದ ಮೊದಲ ಹೆಂಗಸು ಯಾರಾಗುತ್ತಾರೆ ಅಂತ ಎರಡು ಮೂರು ಜನರ ನಡುವೆ ಪೈಪೋಟಿ ನಡೆದಿತ್ತು, ಆಕೆಯೂ ಅದರಲ್ಲಿ ಒಬ್ಬರು. ಕಾಂಚನಜುಂಗಾ ಹತ್ತುತ್ತಿದ್ದಾಗ ಸುಮಾರು 7,500 ಮೀಟರ್ ಎತ್ತರದಲ್ಲಿ ಗಂಡನಿಗೆ ಕೈಲಾಗದೆ ಹೋಯಿತು. ಆಕೆ ಒಬ್ಬಳೇ ಮೇಲೆ ಹೋಗಬಹುದಿತ್ತು. ಹೋಗಲಿಲ್ಲ. ಗಂಡನ ಜೊತೆ ಕೆಳಗೆ ಇಳಿದರು. ಪೈಪೋಟಿ ಅಲ್ಲಿಗೆ ಬಿಟ್ಟುಹೋಯಿತು. ಆಮೇಲೆ ಗೊತ್ತಾದದ್ದು, ಆತನ ಮೂಳೆಯ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುತ್ತಾ ಬಂದಿತ್ತು ಅಂತ. ಎರಡು ಸಲ ಮಜ್ಜೆ ಕಸಿ ಮಾಡಿಸಬೇಕಾಯಿತು. 2014ರಲ್ಲಿ ಇಬ್ಬರೂ ಅದೇ ಕಾಂಚನಜುಂಗಾಕ್ಕೆ ವಾಪಸ್ ಬಂದು ಜೊತೆಯಾಗಿ ತುದಿ ಮುಟ್ಟಿದರು. ಹಿಮ ಅನ್ನುವ ಹೆಸರಿನ ಹೆಂಗಸು ಹಿಮದ ನಡುವೆ ನಿಂತು ಹಾಗೆ ತೀರ್ಮಾನ ಮಾಡಿದರು. ನನ್ನ ಮೊಮ್ಮಗಳಿಗೆ ಈ ಕಥೆ ಈಗ ಬಾಯಿಪಾಠ. ಕಾಂಚನಜುಂಗಾ ಎಲ್ಲಿದೆ ಅಂದರೆ ಭೂಪಟದಲ್ಲಿ ಸಿಕ್ಕಿಂ ಮೇಲೆ ಬೆರಳಿಡುತ್ತಾಳೆ.

ತಪ್ಪು ಎಲ್ಲಿ ಹುಟ್ಟುತ್ತದೆ ಅನ್ನುವುದಕ್ಕೆ ಬರುತ್ತೇನೆ. ನಿಮ್ಮದು ಒಬ್ಬರದೇ ತಪ್ಪಲ್ಲ. ಮಗುವಿನ ಹೆಸರು ಬರೆಸಲು ಹೋದಾಗ ಒಂದು ಕಚೇರಿಯಲ್ಲಿ, ಇಂಥ ಹೆಸರು ಇರುವುದಿಲ್ಲ, ನೀವು ನಿವಾಸ್ ಅಂತ ಹೇಳುತ್ತಿರಬೇಕು ಅಂತ ಹಾಗೆಯೇ ಟೈಪ್ ಮಾಡಿಬಿಟ್ಟಿದ್ದರು. ಸರಿ ಮಾಡಿಸಲು ನಾಲ್ಕು ಸಲ ಅಲೆದೆವು. ಶಾಲೆಯ ಹಾಜರಿ ಪುಸ್ತಕದಲ್ಲಿ ಮೊದಲ ತಿಂಗಳು ನೈವ್ಸ್ ಅಂತ ಇತ್ತು. ಹೋಗಿ ಹೇಳಿದ ಮೇಲೆ ಆ ಮೇಡಂ ತಕ್ಷಣ ತಿದ್ದಿಕೊಂಡರು, ಮಗುವಿನ ಹತ್ತಿರ ಹೆಸರಿನ ಕಥೆಯನ್ನೂ ಕೇಳಿದರು, ಅವರಿಗೆ ನನ್ನ ನಮಸ್ಕಾರ. ಎಲ್ಲ ಕಡೆ ಕಾರಣ ಒಂದೇ. ಇಟಲಿಯ ಹೆಸರನ್ನು ನಾವು ಇಂಗ್ಲಿಷ್ ಅಕ್ಷರದಲ್ಲಿ ನೋಡುತ್ತೇವೆ, ಇಂಗ್ಲಿಷಿನವರ ಹಾಗೆ ಓದುತ್ತೇವೆ, ಆಮೇಲೆ ಕನ್ನಡಕ್ಕೆ ಇಳಿಸುತ್ತೇವೆ. ನಡುವೆ ಒಂದು ಬೇಡದ ಸುತ್ತು. ಅದಕ್ಕೇ ಜೊವಾನ್ನಿ ಎಂಬವನು ನಮ್ಮ ಪತ್ರಿಕೆಗಳಲ್ಲಿ ಗಿಯೋವನ್ನಿ ಆಗುತ್ತಾನೆ, ಮಿಕೆಲಾಂಜೆಲೊ ಮೈಕೆಲೇಂಜಲೋ ಆಗುತ್ತಾನೆ.

ಈ ಸುತ್ತು ನಮಗೆ ಬೇಕಾಗೇ ಇಲ್ಲ. ಇಟಾಲಿಯನ್ ಬರೆಯುವುದಕ್ಕೆ ಕನ್ನಡ ಲಿಪಿಯಷ್ಟು ಹೊಂದುವ ಲಿಪಿ ಕಡಿಮೆ. ಅವರಲ್ಲೂ ಸ್ವರಗಳು ಶುದ್ಧ, ಅ ಅಂದರೆ ಅ, ಇ ಅಂದರೆ ಇ. ಅವರು ಒತ್ತಿ ಹೇಳುವ ಜೋಡಿ ವ್ಯಂಜನಕ್ಕೆ ನಮ್ಮ ಹತ್ತಿರ ಒತ್ತಕ್ಷರ ಇದೆ. ಅನ್ನಾ, ಮಜ್ಜೋರೆ. ಇಂಗ್ಲಿಷಿನವರು ಎರಡು ಅಕ್ಷರ ಬರೆದು ಒಂದನ್ನೇ ಉಚ್ಚರಿಸುತ್ತಾರೆ. ನಮ್ಮ ಒಂದನೇ ತರಗತಿಯ ಮಗು ಬರೆದ ಹಾಗೆ ಓದುತ್ತದೆ. ತ್ರಿಯೆಸ್ತೆಯ ಆ ಅಜ್ಜಿ ವಿಡಿಯೋ ಕರೆಯಲ್ಲಿ ಒಮ್ಮೆ ನನ್ನ ಬಾಯಲ್ಲಿ ಅವರ ಹೆಸರು ಕೇಳಿ ಕೈ ಚಪ್ಪಾಳೆ ತಟ್ಟಿದ್ದರು. ಬೇರೆ ದೇಶದಿಂದ ಬಂದ ಬಾಡಿಗೆದಾರರು ಯಾರೂ ಅಷ್ಟು ಸರಿಯಾಗಿ ಹೇಳಿರಲಿಲ್ಲವಂತೆ. ನಾನು ಏನೂ ಕಲಿತಿರಲಿಲ್ಲ, ಸುಮ್ನೆ ಕನ್ನಡದಲ್ಲಿ ಓದಿದ್ದೆ ಅಷ್ಟೇ.

ಹೆಸರಿನ ವಿಷಯದಲ್ಲಿ ಇಟಲಿಯ ಕಚೇರಿಗಳೂ ತಲೆ ಹಾಕುತ್ತವೆ, ಆದರೆ ಬೇರೆ ರೀತಿ. ಮಗುವಿಗೆ ನಗೆಪಾಟಲಿನ ಅಥವಾ ನಾಚಿಕೆ ತರುವ ಹೆಸರು ಇಡಬಾರದು ಅಂತ ಅಲ್ಲಿ ಕಾನೂನೇ ಇದೆ. ಜೆನೋವಾದ ಅಪ್ಪ ಅಮ್ಮ ಮಗನಿಗೆ ಶುಕ್ರವಾರ ಅನ್ನುವ ಅರ್ಥದ ವೆನೆರ್ದಿ ಅಂತ ಹೆಸರಿಟ್ಟಾಗ ಕೋರ್ಟು ಬೇಡ ಅಂದಿತು. ನಮ್ಮ ಹಳ್ಳಿಗಳಲ್ಲಿ ಸೋಮವಾರ ಹುಟ್ಟಿದವನು ಸೋಮ ಆಗುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಯಾವುದು ಸರಿ ಅಂತ ನಾನು ಹೇಳಲಾರೆ. ಆದರೆ ಆ ಕಾನೂನಿನ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ನಾಳೆ ಆಟದ ಮೈದಾನದಲ್ಲಿ ಆ ಹೆಸರನ್ನು ಹೊತ್ತು ನಿಲ್ಲಬೇಕಾದ್ದು ಮಗು. ನನ್ನ ಮೊಮ್ಮಗಳ ಹೆಸರಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಅದನ್ನು ತಪ್ಪಾಗಿ ಓದಿ ನಗೆಪಾಟಲು ಮಾಡಲಾಯಿತು.

ಈ ವರ್ಷ ಬೇಸಿಗೆ ಮಳೆಯಲ್ಲಿ ನಮ್ಮ ಕಡೆ ಆಲಿಕಲ್ಲು ಬಿತ್ತು. ಮಗು ಸ್ಟೀಲ್ ಬಟ್ಟಲು ಹಿಡಿದುಕೊಂಡು ಬಾಲ್ಕನಿಗೆ ಓಡಿ, ಒಂದಿಷ್ಟು ಆರಿಸಿ ತಂದು, ಇದು ನಾನೇನಾ ಅಂತ ಕೇಳಿತು. ನಿನ್ನ ಚಿಕ್ಕಪ್ಪನ ಮಗಳು ಅಂದೆ. ಕರಗುವ ತನಕ ಬಟ್ಟಲು ಕೆಳಗಿಡಲಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಎರಡು. ಇನ್ನು ಮುಂದೆ ಹೆಸರುಗಳ ಬಾಕ್ಸ್ ಹಾಕುವಾಗ ಆ ಭಾಷೆ ಗೊತ್ತಿರುವ ಒಬ್ಬರನ್ನು ಕೇಳಿ. ಬೆಂಗಳೂರಿನಲ್ಲಿ ಇಟಾಲಿಯನ್ ಬಲ್ಲವರು ಸಿಗದೇ ಇರುವುದಿಲ್ಲ. ಕೇಳಿದ್ದನ್ನು ಇಂಗ್ಲಿಷ್ ಮೂಲಕ ತರದೆ ನೇರವಾಗಿ ಕನ್ನಡದಲ್ಲಿ ಬರೆಯಿರಿ. ಎರಡನೆಯದು, ತಿದ್ದುಪಡಿಯನ್ನು ದಯವಿಟ್ಟು ಆಗಸ್ಟ್ 5ರ ಒಳಗೆ ಹಾಕಿ. ಇಟಲಿಯಲ್ಲಿ ಹುಟ್ಟುಹಬ್ಬದ ಹಾಗೆ ಹೆಸರಿನ ಹಬ್ಬವೂ ಉಂಟು, ಸಂತರ ದಿನ ಬಂದಾಗ ಆ ಹೆಸರಿನವರಿಗೆ ಶುಭಾಶಯ ಹೇಳುತ್ತಾರೆ. ನೀವೆಸ್‌ಗಳ ದಿನ ಆಗಸ್ಟ್ 5. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿರುತ್ತದೆ, ಎಂಟನೇ ಕ್ರಾಸಿನಲ್ಲಿ ಹೂವಿನ ಬೆಲೆ ಏರಿರುತ್ತದೆ. ಆದರೂ ಬಿಳಿ ಸೇವಂತಿಗೆ ಅರ್ಧ ಕೆಜಿ ತಂದು ಎಸಳು ಬಿಡಿಸಿಡೋಣ ಅಂತ ಮಗಳೂ ನಾನೂ ಮಾತಾಡಿಕೊಂಡಿದ್ದೇವೆ. ಸಂಜೆ ಆ ದೊಡ್ಡ ಮಕ್ಕಳನ್ನೂ ಮನೆಗೆ ಕರೆಯುತ್ತೇವೆ. ನಿಮ್ಮ ತಿದ್ದುಪಡಿ ಕತ್ತರಿಸಿ ಇಟ್ಟುಕೊಂಡಿದ್ದರೆ, ಎಸಳು ಸುರಿಯುವ ಮುಂಚೆ ಅದನ್ನು ಅವಳೇ ಓದಿ ಹೇಳಬಹುದು. ಕನ್ನಡ ಓದಲು ಈಗ ತಾನೇ ಬರುತ್ತಿದೆ.

ಇತಿ,
ನೀವೆಸ್‌ಳ ಅಜ್ಜಿ
ಮಲ್ಲೇಶ್ವರ, ಬೆಂಗಳೂರು